ಗಿಡಕ್ಕೆ ಜಾತಿ ಉಂಟು, ಮನುಷ್ಯನಿಗೆ ಇಲ್ಲ


ಇಂದಿನ ಧಮ್ಮ ಚಿಂತನೆ



ಕಳೆದ ಭಾನುವಾರ ನಮ್ಮ ಬಳಗದಲ್ಲಿ ವಾಸೆಟ್ಠ ಸುತ್ತದ ಓದು ನಡೆದಿತ್ತು. ಓದು ಮುಗಿದ ಮೇಲೆ ಹಿರಿಯೂರು ಕಡೆಯ ಅಕ್ಕ ಒಬ್ಬರು ಕೇಳಿದರು: "ಅಣ್ಣ, ಮನೆ ಹಿಂದೆ ಹತ್ತಡಿ ಜಾಗ ಉಳಿದಿದೆ. ಬಾಳೆ ಹಾಕಲೋ, ನುಗ್ಗೆ ಹಾಕಲೋ?" ಸುತ್ತದ ನಡುವೆ ಹಿತ್ತಲಿನ ಮಾತೇಕೆ ಎಂದು ಒಂದಿಬ್ಬರು ನಕ್ಕರು. ನನಗೆ ಮಾತ್ರ ಇದು ಧಮ್ಮದ ಪ್ರಶ್ನೆಯೇ ಅನ್ನಿಸಿತು. ಯಾಕೆಂದರೆ ಆ ಸುತ್ತದಲ್ಲಿ ಭಗವಾನರ ಉತ್ತರ ಶುರುವಾಗುವುದೇ ಗಿಡಮರಗಳಿಂದ.

ಮೊದಲು ಅಕ್ಕನ ಪ್ರಶ್ನೆಗೆ ನೇರ ಉತ್ತರ ಹೇಳುತ್ತೇನೆ.

ಬಾಳೆ ನೀರಿನ ಗಿಡ. ಬೇರು ಮೇಲೇ ಹರಡುತ್ತದೆ, ಮಣ್ಣು ಸದಾ ತೇವ ಇರಬೇಕು. ಕಂದು ನೆಟ್ಟು ಗೊನೆ ಕೊಯ್ಯಲು 12ರಿಂದ 15 ತಿಂಗಳು ಬೇಕು. ಒಂದು ಗಿಡ ಒಂದೇ ಸಲ ಗೊನೆ ಬಿಡುತ್ತದೆ. ಆಮೇಲೆ ತಾಯಿಗಿಡ ಹೋಗುತ್ತದೆ, ಪಕ್ಕದ ಕಂದು ಮುಂದುವರಿಯುತ್ತದೆ. ಜೋರು ಗಾಳಿಗೆ ಗೊನೆ ಸಮೇತ ಮುರಿದು ಬೀಳುವುದೂ ಉಂಟು.

ನುಗ್ಗೆ ಬಯಲುಸೀಮೆಯ ಮರ. ಬೇರು ಆಳಕ್ಕೆ ಇಳಿಯುತ್ತದೆ. ಬೇರು ಹಿಡಿಯುವ ತನಕ ನೀರು ಕೊಟ್ಟರೆ ಸಾಕು, ಆಮೇಲೆ ಬರ ತಡೆಯುತ್ತದೆ. ನೀರು ನಿಂತರೆ ಮಾತ್ರ ಬೇರು ಕೊಳೆತು ಸಾಯುತ್ತದೆ. ಮೂರ್ನಾಲ್ಕು ಅಡಿಯ ಬಲಿತ ಕೊಂಬೆ ನೆಟ್ಟರೂ ಬರುತ್ತದೆ, ಬೀಜ ಹಾಕಿದರೂ ಬರುತ್ತದೆ. ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ-1 ತಳಿಯ ಬೀಜ ಹಾಕಿದರೆ ಆರರಿಂದ ಎಂಟು ತಿಂಗಳಿಗೆ ಕಾಯಿ ಕಾಣಬಹುದು. ಗಿಡ ಎರಡೂವರೆ ಮೂರು ಅಡಿ ಆದಾಗ ಕುಡಿ ಚಿವುಟಿದರೆ ಕವಲೊಡೆಯುತ್ತದೆ, ಸೊಪ್ಪು ಕೈಗೆ ಸಿಗುತ್ತದೆ.

ಊಟದ ಲೆಕ್ಕ ನೋಡಿ. 100 ಗ್ರಾಂ ನುಗ್ಗೆ ಸೊಪ್ಪಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ. ಅಷ್ಟೇ ಬಾಳೆಹಣ್ಣಿನಲ್ಲಿ ಪ್ರೋಟೀನ್ 1 ಗ್ರಾಂ ಆಸುಪಾಸು, ಕ್ಯಾಲ್ಸಿಯಂ 10 ಮಿಲಿಗ್ರಾಂ ಒಳಗೆ. ಸೊಪ್ಪಿನಲ್ಲಿ ಕಬ್ಬಿಣದ ಅಂಶವೂ ಹಣ್ಣಿಗಿಂತ ಎಷ್ಟೋ ಹೆಚ್ಚು. ಬಾಳೆಯ ಗುಣ ಬೇರೆ. ದುಡಿದು ಬಂದವರಿಗೆ ತಕ್ಷಣ ಶಕ್ತಿ ಕೊಡುತ್ತದೆ, ಹಲ್ಲಿಲ್ಲದ ಅಜ್ಜಿಗೂ ಹಾಲು ಬಿಟ್ಟ ಮಗುವಿಗೂ ಆಗುತ್ತದೆ, ಹೂ ಮತ್ತು ದಿಂಡು ಪಲ್ಯಕ್ಕೆ ಬರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ತಾಯಂದಿರು ಇದರಲ್ಲಿ ಎಷ್ಟಿರಬಹುದು ಯೋಚಿಸಿ. ರಾಗಿಮುದ್ದೆಗೆ ನುಗ್ಗೆ ಸೊಪ್ಪಿನ ಸಾರು, ಮೇಲೆ ಅರ್ಧ ನಿಂಬೆಹಣ್ಣು. ನಿಂಬೆಯ ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಈಗ ಜಾಗದ ಮಾತು. ಹೊಳಲ್ಕೆರೆಯಲ್ಲಿ ಅಡಿಕೆ ತೋಟ, ಹೊಸದುರ್ಗದಲ್ಲಿ ತೆಂಗಿನ ತೋಟ ಇವೆ. ತೋಟದ ನೀರು ಹತ್ತಿರ ಇದ್ದವರಿಗೆ ಬಾಳೆ ಸುಲಭ. ಚಿತ್ರದುರ್ಗ, ಹಿರಿಯೂರಿನ ಒಣನೆಲಕ್ಕೆ ಅದೇ ಮಾತು ಹೊಂದುವುದಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಂಥ ಸೀಮೆಯಲ್ಲಿ ಕೊಡ ಹೊತ್ತು ಬಾಳೆಗೆ ನೀರು ಹಾಕುವವರು ಯಾರು? ಮನೆಯ ಹೆಣ್ಣುಮಕ್ಕಳೇ. ಆದ್ದರಿಂದ ನಾನು ಹೇಳಿದ್ದು ಇಷ್ಟು: ಅಕ್ಕ, ಬಚ್ಚಲು ನೀರು ಹರಿದುಹೋಗುವ ಮೂಲೆ ಇದ್ದರೆ ಅಲ್ಲಿ ಒಂದು ಬಾಳೆ. ಒಣಗಿದ ಮೂಲೆಯಲ್ಲಿ ನುಗ್ಗೆ. ಒಂದಕ್ಕೇ ಜಾಗ ಇದ್ದರೆ ನುಗ್ಗೆ.

ಅಷ್ಟರಲ್ಲಿ ಇನ್ನೊಬ್ಬರು, "ಮನೆ ಹತ್ತಿರ ನುಗ್ಗೆ ಇರಬಾರದು, ದೆವ್ವ ಸೇರುತ್ತೆ ಅಂತಾರಲ್ಲ" ಅಂದರು. ಬಾಳೆಗೆ ಚಪ್ಪರದಲ್ಲಿ ಕಂಬವಾಗಿ ನಿಲ್ಲುವ ಮರ್ಯಾದೆ, ನುಗ್ಗೆಗೆ ಅಪಶಕುನದ ಹೆಸರು! ಹಿರಿಯರು ಹೇಳಿದರು ಅಂತ ಒಪ್ಪಬೇಡಿ, ನೀವೇ ಪರೀಕ್ಷಿಸಿ ಒಳಿತಾದರೆ ಒಪ್ಪಿ ಎಂದು ಭಗವಾನರು ಕಾಲಾಮರಿಗೆ ಹೇಳಿದ್ದಾರೆ. ಪರೀಕ್ಷಿಸೋಣ. ನುಗ್ಗೆ ಕೊಂಬೆ ಬಿರುಸು, ಮಕ್ಕಳು ಹತ್ತಿದರೆ ಮುರಿಯುತ್ತದೆ. ಕೆಲವು ಕಾಲದಲ್ಲಿ ಕಾಂಡಕ್ಕೆ ಕಂಬಳಿಹುಳು ಮುತ್ತುತ್ತವೆ, ಮೈಗೆ ತಾಗಿದರೆ ತುರಿಕೆ. ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರ ನೆಡಲು ಈ ಕಾರಣ ಸಾಕು. ದೆವ್ವ ಬೇಕಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದೆ. ಹತ್ತಿರ ಇರುವುದನ್ನು ಕಡೆಗಣಿಸುವ ನಮ್ಮ ಬುದ್ಧಿಯನ್ನೇ ಆ ಗಾದೆ ಆಡಿಕೊಳ್ಳುತ್ತದೆ.

ಇಷ್ಟು ಹೊತ್ತು ನಾವು ಮಾಡಿದ್ದೇನು? ಎರಡು ಗಿಡಗಳ ಜಾತಿಯನ್ನು ಹೋಲಿಸಿದೆವು. ಅದರಲ್ಲಿ ತಪ್ಪಿಲ್ಲ. ವಾಸೆಟ್ಠ ಸುತ್ತದಲ್ಲಿ ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ತರುಣರು ಬರುತ್ತಾರೆ. ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ, ನಡೆಯಿಂದಲೋ ಎಂಬುದು ಅವರ ಜಗಳ. ಭಗವಾನರು ಹೇಳಿದ ಸಾರ ಇದು: ಹುಲ್ಲು ಮರಗಳನ್ನು ನೋಡಿ, ಒಂದೊಂದಕ್ಕೂ ಹುಟ್ಟಿನಿಂದ ಬಂದ ಬೇರೆ ಬೇರೆ ಗುರುತಿದೆ. ಹುಳುಗಳಿಗೆ, ನಾಲ್ಕು ಕಾಲಿನ ಪ್ರಾಣಿಗಳಿಗೆ, ಹಾವು, ಮೀನು, ಹಕ್ಕಿಗಳಿಗೂ ಇದೆ. ಮನುಷ್ಯರಲ್ಲಿ ಅಂಥ ಗುರುತು ಕೂದಲಲ್ಲಿಲ್ಲ, ಕಣ್ಣಲ್ಲಿಲ್ಲ, ತುಟಿಯಲ್ಲಿಲ್ಲ, ಕೈಕಾಲಲ್ಲಿಲ್ಲ. ಮನುಷ್ಯರ ನಡುವಿನ ಭೇದ ಬರೀ ಹೆಸರಿನದು.

ನಮ್ಮ ಸಮಾಜ ಇದನ್ನು ತಲೆಕೆಳಗು ಮಾಡಿತು. ಬಾಳೆಎಲೆ ಹಾಕಿದ ಪಂಕ್ತಿಯಿಂದ ನಮ್ಮ ಹಿರಿಯರನ್ನು ದೂರ ಕೂರಿಸಿತು. ಬಾಳೆಯ ತಪ್ಪೇನೂ ಅದರಲ್ಲಿ ಇರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದಾಗಲೂ ನೀರಿಗೆ ಯಾರ ಕೈ ಎಂಬ ಗುರುತು ಸಿಕ್ಕಿರಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರೆಂದು ನಂಬುವ ಪ್ರತಿಜ್ಞೆ ಇದೆ. ಅದರ ಹಿಂದೆಯೇ ಸಮಾನತೆಯನ್ನು ನೆಲೆಗೊಳಿಸಲು ಶ್ರಮಿಸುವ ಪ್ರತಿಜ್ಞೆಯೂ ಇದೆ. ನಂಬಿಕೆ ಒಂದೇ ಸಾಲದು, ಕೆಲಸವೂ ಬೇಕು.

ಮೂಲೆಯಲ್ಲಿ ಕೂತಿದ್ದ ಹಿರಿಯ ತಾಯಿಯೊಬ್ಬರು ಆಗ ಮೆಲ್ಲಗೆ ಕೇಳಿದರು: "ಮರ ಬಂದರೆ ಸೊಪ್ಪು ಬೇಕಾದಷ್ಟು ಆಗ್ತದಪ್ಪ. ನಮ್ಮ ಹಿತ್ತಲ ಸೊಪ್ಪು ಮೇಲಿನ ಬೀದಿಯವರು ಇಸ್ಕೊಳ್ತಾರಾ?" ಯಾರೂ ನಗಲಿಲ್ಲ.

ಆ ತಾಯಿಗೆ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅವ್ವಾ, ಸಂತೆಯಲ್ಲಿ ಸೊಪ್ಪಿನ ಕಟ್ಟು ಕೊಳ್ಳುವವರು ಯಾರ ಹಿತ್ತಲಿನದು ಎಂದು ಕೇಳುವುದಿಲ್ಲ. ಕೈಯಿಂದ ಕೈಗೆ ಕೊಟ್ಟಾಗ ಮಾತ್ರ ಕೇಳುತ್ತಾರೆ. ಹಾಗಾದರೆ ಮೈಲಿಗೆ ಸೊಪ್ಪಿನಲ್ಲಿಲ್ಲ, ನಿನ್ನ ಕೈಯಲ್ಲೂ ಇಲ್ಲ. ಅದು ಕೇಳುವವರ ಮನಸ್ಸಿನಲ್ಲಿದೆ. ತೊಳೆದುಕೊಳ್ಳುವ ಕೆಲಸ ಅವರದು. ಬೇಡ ಅಂದವರ ಮುಂದೆ ನೀನು ಕೈ ಚಾಚಿ ನಿಲ್ಲಬೇಕಿಲ್ಲ. ಬೇಕು ಅಂದವರು ಯಾವ ಬೀದಿಯವರಾದರೂ ಇಲ್ಲ ಅನ್ನಬೇಕಿಲ್ಲ. ನಮ್ಮ ಸ್ವಾಭಿಮಾನ, ನಮ್ಮ ಮೈತ್ರಿ ಎರಡೂ ಹಾಗೆ ಒಟ್ಟಿಗೆ ಉಳಿಯುತ್ತವೆ.

ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆತಾಯಿಯ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ ಎಂದು ಅದು ಹೇಳುತ್ತದೆ. ಅದೇ ಅಶೋಕ ತನ್ನ ಎರಡನೆಯ ದೊಡ್ಡ ಬಂಡೆ ಶಾಸನದಲ್ಲಿ, ಮನುಷ್ಯರಿಗೂ ಪ್ರಾಣಿಗಳಿಗೂ ಬೇಕಾದ ಮದ್ದಿನ ಗಿಡ, ಬೇರು, ಹಣ್ಣುಗಳನ್ನು ಇಲ್ಲದ ಕಡೆ ತರಿಸಿ ನೆಡಿಸಿದೆ ಎನ್ನುತ್ತಾನೆ. ಯಾವ ಜಾತಿಯವರಿಗೆ ಎಂದು ಅಲ್ಲಿ ಬರೆದಿಲ್ಲ. ಗಿಡ ನೆಡುವುದು ನಮ್ಮ ಧಮ್ಮದ ಹಳೆಯ ಕೆಲಸ.

ಇಂದಿನ ಅಭ್ಯಾಸ: ಈ ವಾರ ಒಂದು ನುಗ್ಗೆ ಕೊಂಬೆಯನ್ನೋ ಬಾಳೆ ಕಂದನ್ನೋ ನೆಡಿ, ನಿಮ್ಮ ಮನೆಯ ನೀರು ನೋಡಿ ಆರಿಸಿಕೊಳ್ಳಿ. ಮನೆಯ ಮಕ್ಕಳ ಕೈಯಲ್ಲಿ ಮಣ್ಣು ಹಾಕಿಸಿ, ವಾಸೆಟ್ಠ ಸುತ್ತದ ಆ ಮಾತನ್ನು ಅವರಿಗೆ ಹೇಳಿ. ಮೊದಲ ಸೊಪ್ಪಿನ ಸಾರನ್ನು ಮನೆಯಲ್ಲಿ ಕೊನೆಗೆ ಉಣ್ಣುವವರಿಗೆ ಮೊದಲು ಬಡಿಸಿ.

ಭವತು ಸಬ್ಬ ಮಂಗಲಂ.
ಜೈ ಭೀಮ್.