ಅರಮನೆಯಿಂದ ಕುರಿಮಂದೆಗೆ



ಫಲಿತಾಂಶ ಬಂದ ದಿನ ಮನೆಯಲ್ಲಿ ಸಿಹಿ ಹಂಚಿದ್ದಾರೆ. ನೆರೆಕರೆಯವರು ಬಂದು ಅಭಿನಂದಿಸಿದ್ದಾರೆ. ತಾಯಿ ಎರಡು ರಕಅತ್ ಹೆಚ್ಚು ನಮಾಝ್ ಮಾಡಿ ಅಲ್ಲಾಹನನ್ನು ಸ್ತುತಿಸಿದ್ದಾರೆ. ಆ ಬಳಿಕ ಆರು ತಿಂಗಳು, ಒಂದು ವರ್ಷ ಕಳೆಯುತ್ತದೆ. ಕಲಿತದ್ದಕ್ಕೆ ತಕ್ಕ ಕೆಲಸ ಸಿಗುವುದಿಲ್ಲ. ಸಿಕ್ಕಿದ ಕೆಲಸಕ್ಕೆ ಆ ಪ್ರಮಾಣ ಪತ್ರದ ಅಗತ್ಯವೇ ಇರುವುದಿಲ್ಲ. ಬಿ.ಕಾಂ. ಮುಗಿಸಿದವನು ಮಂಗಳೂರಿನ ಬಂದರಿನಲ್ಲಿ ಸಗಟು ಅಂಗಡಿಯ ಚೀಲ ಎಣಿಸುತ್ತಾನೆ. ಇಂಜಿನಿಯರಿಂಗ್ ಕಲಿತವನು ಬೆಂಗಳೂರಿನಲ್ಲಿ ರಾತ್ರಿಯಿಡೀ ಕುಳಿತು ಯಾರದೋ ದೂರುಗಳಿಗೆ ಫೋನಿನಲ್ಲಿ ಉತ್ತರಿಸುತ್ತಾನೆ. ಇನ್ನೊಬ್ಬನು ಏನೂ ಮಾಡದೆ ಮನೆಯಲ್ಲಿರುತ್ತಾನೆ. ಮಸೀದಿಗೆ ಹೋದರೆ "ಈಗ ಏನು ಮಾಡುತ್ತಿದ್ದೀ?" ಎಂದು ಹಿರಿಯರು ಕೇಳುತ್ತಾರೆಂದು ಅವನು ಇಮಾಮರು ಸಲಾಮ್ ಹೇಳುವಷ್ಟರಲ್ಲಿ ಚಪ್ಪಲಿ ಹುಡುಕುತ್ತಾನೆ. ಕೆಲವರು ಬರುವುದನ್ನೇ ನಿಲ್ಲಿಸುತ್ತಾರೆ. ಉದ್ಯೋಗದ ಸಮಸ್ಯೆಯು ಈಮಾನಿನ ಸಮಸ್ಯೆಯಾಗಿ ಮಾರ್ಪಡುವುದು ಹೀಗೆಯೇ.

ಪವಿತ್ರ ಕುರ್‌ಆನಿನ 'ಅಲ್ ಕಸಸ್' ಅಧ್ಯಾಯವನ್ನು ಈ ದೃಷ್ಟಿಯಿಂದ ಒಮ್ಮೆ ಓದಿರಿ. ಪ್ರವಾದಿ ಮೂಸಾ(ಅ)ರು ಫಿರ್‌ಔನನ ಅರಮನೆಯಲ್ಲಿ ಬೆಳೆದವರು. ಪ್ರಾಯಪ್ರಬುದ್ಧರಾದಾಗ ಅವರಿಗೆ ಯುಕ್ತಿಯನ್ನೂ ಜ್ಞಾನವನ್ನೂ ದಯಪಾಲಿಸಲಾಯಿತೆಂದು ಅಲ್ಲಾಹನು ತಿಳಿಸುತ್ತಾನೆ. ಜ್ಞಾನ ದೊರೆತ ಬಳಿಕ ಅವರಿಗೆ ದೊರೆತ ಕೆಲಸ ಯಾವುದು? ಈಜಿಪ್ಟಿನಿಂದ ಪ್ರಾಣಭಯದಿಂದ ಹೊರಟು ಮದ್‌ಯನ್ ತಲುಪಿದರು. ಕೈಯಲ್ಲಿ ಏನೂ ಇಲ್ಲ, ಪರಿಚಯದವರು ಯಾರೂ ಇಲ್ಲ. ಬಾವಿಯ ಬಳಿ ಕುರುಬರ ಗುಂಪು. ಅವರಿಂದ ದೂರವಾಗಿ ತಮ್ಮ ಕುರಿಗಳನ್ನು ತಡೆದು ನಿಂತಿದ್ದ ಇಬ್ಬರು ಯುವತಿಯರು. ತಂದೆ ಮುದುಕರಾದ್ದರಿಂದ ಹೊರಗಿನ ದುಡಿಮೆ ಆ ಹೆಣ್ಣುಮಕ್ಕಳ ಪಾಲಿಗೆ ಬಂದಿತ್ತು. ಮೂಸಾ(ಅ)ರು ಅವರ ಕುರಿಗಳಿಗೆ ನೀರು ಕುಡಿಸಿದರು. ಕೂಲಿ ಕೇಳಲಿಲ್ಲ. ನೆರಳಿಗೆ ಸರಿದು, ತನ್ನ ಪ್ರಭು ಯಾವ ಒಳಿತನ್ನು ಇಳಿಸಿಕೊಟ್ಟರೂ ತಾನು ಅದರ ಅಗತ್ಯವುಳ್ಳವನೆಂದು ಪ್ರಾರ್ಥಿಸಿದರು.

ಈ ಪ್ರಾರ್ಥನೆಯಲ್ಲಿ ಇಂತಹದೇ ಕೆಲಸ ಬೇಕು, ಇಷ್ಟೇ ಸಂಬಳ ಬೇಕು ಎಂಬ ಮಾತಿಲ್ಲ. ಅರಮನೆಯಲ್ಲಿ ಬೆಳೆದವನೆಂಬ ನೆನಪೂ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಆ ಯುವತಿಯರಲ್ಲೊಬ್ಬಳು ನಾಚಿಕೆಯಿಂದ ನಡೆದು ಬಂದು, ತಂದೆ ಕರೆಯುತ್ತಿದ್ದಾರೆಂದಳು. ಸಿಕ್ಕಿದ್ದು ಎಂಟು ವರ್ಷಗಳ ಕೆಲಸ. (ಆ ವೃದ್ಧರು ಪ್ರವಾದಿ ಶುಐಬ್(ಅ)ರೇ ಆಗಿದ್ದರೇ ಎಂಬುದರಲ್ಲಿ ವ್ಯಾಖ್ಯಾನಕಾರರಿಗೆ ಭಿನ್ನಾಭಿಪ್ರಾಯವಿದೆ. ಅದು ಇಲ್ಲಿ ನಮ್ಮ ವಿಷಯವಲ್ಲ.) ಕುರಿ ಕಾಯುವ ಕೆಲಸವನ್ನು ನಾವು ಇಂದು ಬೈಗುಳದಂತೆ ಬಳಸುತ್ತೇವೆ. ಆದರೆ ನಮ್ಮ ಪ್ರವಾದಿ(ಸ)ರು ತಾವೂ ಕೆಲವು ಕೀರಾತ್‌ಗಳ ಕೂಲಿಗೆ ಮಕ್ಕಾದವರ ಕುರಿ ಕಾದವರೆಂದು ಸಂಗಾತಿಗಳಿಗೆ ಸಂಕೋಚವಿಲ್ಲದೆ ಹೇಳುತ್ತಿದ್ದರು.

ಮದೀನಾಕ್ಕೆ ವಲಸೆ ಬಂದ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಅನ್ಸಾರಿ ಸಹೋದರ ಸಅದ್ ಬಿನ್ ರಬೀ(ರ)ರು ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅವರು ಹರಸಿ, ಸಂತೆಯ ದಾರಿ ಮಾತ್ರ ಕೇಳಿದರು. ಬನೂ ಕೈನುಕಾ ಸಂತೆಯಿಂದ ಮೊದಲ ದಿನ ಮನೆಗೆ ತಂದದ್ದು ಸ್ವಲ್ಪ ಒಣ ಮೊಸರುಗಟ್ಟಿ ಮತ್ತು ತುಪ್ಪ. ಮುಂದೆ ಅವರು ಮದೀನಾದ ಶ್ರೀಮಂತರಲ್ಲೊಬ್ಬರಾದರೆಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಆ ತುಪ್ಪದ ಮಾತನ್ನು ಮರೆಯುತ್ತೇವೆ.

ಹಿರಿಯರಲ್ಲಿಯೂ ಒಂದು ಮಾತು. ಮಗ ಸಣ್ಣ ಕೆಲಸ ಹಿಡಿದರೆ ಮರ್ಯಾದೆ ಹೋಗುತ್ತದೆಂದು ತಡೆಯುವವರು ಅನೇಕ ಸಲ ತಂದೆತಾಯಿಗಳೇ. "ಅವರ ಮಗ ದುಬೈಯಲ್ಲಿದ್ದಾನೆ" ಎಂಬ ಒಂದು ವಾಕ್ಯ ಎಷ್ಟು ಯುವಕರನ್ನು ಸಾಲ ಮಾಡಿ ವೀಸಾ ಕೊಳ್ಳುವಂತೆ ಮಾಡಿದೆಯೋ ಅಲ್ಲಾಹನೇ ಬಲ್ಲ. ಅಂಗಡಿಯ ಧಣಿಗಳಾಗಿರುವ ಸಹೋದರರೇ, "ಮೊದಲು ಸೇರು, ಸಂಬಳ ಆಮೇಲೆ ನೋಡೋಣ" ಎನ್ನಬೇಡಿರಿ. ಮದ್‌ಯನ್‌ನ ಆ ವೃದ್ಧರು ಅವಧಿಯನ್ನು ಮೊದಲೇ ತಿಳಿಸಿದರು, ಹೆಚ್ಚಿನ ಎರಡು ವರ್ಷಗಳನ್ನು ಅವರ ಇಷ್ಟಕ್ಕೆ ಬಿಟ್ಟರು, ಕಷ್ಟ ಕೊಡುವ ಉದ್ದೇಶ ತನಗಿಲ್ಲವೆಂದರು. ನಮ್ಮಲ್ಲಿ ಎಷ್ಟು ಮಂದಿ ಧಣಿಗಳು ಹೀಗೆ ಮಾತನಾಡುತ್ತಾರೆ?

ಇನ್ನು ಕೆಲಸ ಸಿಕ್ಕಿದವರ ವಿಷಯಕ್ಕೆ ಬರೋಣ. ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಳ್ಳಲು ಆ ಯುವತಿ ತಂದೆಗೆ ಹೇಳಿದ ಕಾರಣ ಎರಡೇ: ಅವರು ಬಲಶಾಲಿ ಮತ್ತು ಪ್ರಾಮಾಣಿಕ. ಸಾಮರ್ಥ್ಯವನ್ನು ನಿಮ್ಮ ಅಂಕಪಟ್ಟಿ ಸ್ವಲ್ಪಮಟ್ಟಿಗೆ ತೋರಿಸೀತು. ಅಮಾನತ್ತನ್ನು ಯಾವ ವಿಶ್ವವಿದ್ಯಾನಿಲಯ ಅಳೆಯುತ್ತದೆ? ಕೆಲಸಕ್ಕೆ ಸೇರಿದ ಮೂರನೆಯ ವಾರ ಮೇಲಿನವರು ಬಂದು, ಐನೂರರ ಬಿಲ್ಲನ್ನು ಎಂಟುನೂರೆಂದು ಬರೆ ಎನ್ನುತ್ತಾರೆ. "ಎಲ್ಲರೂ ಮಾಡುತ್ತಾರೆ, ಹೊಸಬನಾದ್ದರಿಂದ ನಿನಗೆ ತಿಳಿದಿಲ್ಲ" ಎನ್ನುತ್ತಾರೆ. ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯಬೇಕು, ತಂಗಿಯ ಮದುವೆ ಆಗಬೇಕು. ಇದನ್ನೇ ಅಲ್ಲವೇ ಲೋಕಜ್ಞಾನವೆಂದು ಕರೆಯುವುದು? ಸಹೋದರರೇ, ಅಳತೆಯಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ತಕ್ಕಡಿಯ ಜಾಗದಲ್ಲಿ ಕಂಪ್ಯೂಟರ್ ಬಂದ ಮಾತ್ರಕ್ಕೆ ಆ ಎಚ್ಚರಿಕೆ ಹಳತಾಗುವುದಿಲ್ಲ. ಸೌಮ್ಯವಾಗಿ, ಆದರೆ ಮೊದಲ ದಿನವೇ ಇಲ್ಲವೆನ್ನಿರಿ. ಮೊದಲ ಬಿಲ್ಲಿಗೆ ಇಲ್ಲವೆನ್ನಲಾಗದವನಿಗೆ ಹತ್ತನೆಯದಕ್ಕೆ ಬಾಯಿಯೇ ಇರುವುದಿಲ್ಲ. ಅದರಿಂದ ಕೆಲಸ ಹೋಗಲೂಬಹುದು. ಹೋಗುವುದಿಲ್ಲವೆಂದು ನಾನು ಭರವಸೆ ಕೊಡಲಾರೆ.

ಅಮಾನತ್ತಿಗೆ ಇನ್ನೊಂದು ಮುಖವೂ ಇದೆ, ಅದನ್ನು ನಾವು ಹೇಳಲು ಹಿಂಜರಿಯುತ್ತೇವೆ. ಝುಹರ್ ನಮಾಝ್‌ಗೆಂದು ಎದ್ದು ಹೋಗಿ ಒಂದು ಗಂಟೆ ಕಳೆದು, ಚಹಾ ಕುಡಿದು ಬರುವವರಿದ್ದಾರೆ. ನಮಾಝ್‌ಗೆ ಬೇಕಾದದ್ದು ಹದಿನೈದು ನಿಮಿಷ. ಉಳಿದ ಮುಕ್ಕಾಲು ಗಂಟೆಯು ಸಂಬಳ ಕೊಡುವವನದು. ಆ ಕಚೇರಿಯಲ್ಲಿ ಮುಂದೆ ಬರುವ ಮುಸ್ಲಿಮ್ ಯುವಕ ಶುಕ್ರವಾರ ಜುಮುಅಕ್ಕೆ ಬಿಡುವು ಕೇಳಿದಾಗ ಸಿಗುವ ಉತ್ತರವನ್ನು ಬರೆದಿಟ್ಟವರು ಇವರೇ.

ಕೆಲಸ ಕೀಳೆನಿಸಿದರೆ ಉತ್ತಮವಾದುದನ್ನು ಹುಡುಕಿರಿ, ತಪ್ಪಿಲ್ಲ. ಕಲಿತದ್ದನ್ನು ಮರೆಯದಂತೆ ರಾತ್ರಿ ಒಂದು ಗಂಟೆ ಪುಸ್ತಕ ತೆರೆಯಿರಿ, ಪರೀಕ್ಷೆಗಳನ್ನು ಬರೆಯಿರಿ. ಆದರೆ ಒಪ್ಪಿಕೊಂಡ ಅವಧಿಯನ್ನು ಪೂರೈಸಿ, ಲೆಕ್ಕ ಒಪ್ಪಿಸಿ ಹೊರಡಿರಿ. ಮೂಸಾ(ಅ)ರು ಎಂಟು ವರ್ಷಗಳನ್ನೋ ಹತ್ತನ್ನೋ ಪೂರ್ತಿಗೊಳಿಸಿದ್ದೆಂದು ಕೇಳಿದಾಗ ಹಝ್ರತ್ ಇಬ್ನು ಅಬ್ಬಾಸ್(ರ)ರು, ಹೆಚ್ಚಿನ ಅವಧಿಯನ್ನೇ ಎಂದು ಉತ್ತರಿಸಿದ್ದರು. ಆ ವರ್ಷಗಳನ್ನು ಮುಗಿಸಿ ಕುಟುಂಬದೊಂದಿಗೆ ಹೊರಟಾಗಲೇ ಅವರಿಗೆ ತೂರ್ ಪರ್ವತದ ಕಡೆ ಬೆಂಕಿ ಕಂಡದ್ದು.