ಊರ್ಧ್ವದಿಕ್ಕಿನ ಮಿತಿ

ದಿಗ್ವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಊರ್ಧ್ವವ್ಯತಿಕ್ರಮ. ತಾನೇ ಗೊತ್ತುಪಡಿಸಿಕೊಂಡ ಎತ್ತರವನ್ನು ಮೀರಿ ಮೇಲೇರುವುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಈ ಮಾತನ್ನು ಬಯಲುನಾಡಿನ ಶ್ರಾವಕರು ಸ್ವಾಧ್ಯಾಯದಲ್ಲಿ ಓದಿ ಮುಂದೆ ಸಾಗುವುದೇ ಹೆಚ್ಚು. ಅವರಿಗೆ ಎತ್ತರವೆಂದರೆ ವಿಂಧ್ಯಗಿರಿಯ ಮೆಟ್ಟಿಲುಗಳು. ಆದರೆ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಕನ್ನಡ ಜೈನ ಮನೆತನಗಳ ಯುವಕರು ಬೇಸಗೆಯ ಕೊನೆಯಲ್ಲಿ ಬೆನ್ನಿಗೆ ಚೀಲವೇರಿಸಿ, ಸಿಯೆರಾ ನೆವಾಡಾ ಪರ್ವತದಲ್ಲಿ ಎರಡು ರಾತ್ರಿ ಕಳೆಯಲು ಹೊರಟರೆ, ಆ ಸೂತ್ರವು ಮನೆಯೊಳಗಿನ ಪ್ರಶ್ನೆಯಾಗುತ್ತದೆ. ಪ್ರಯೋಜನವಿಲ್ಲದ ತಿರುಗಾಟವನ್ನು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂಬ ಅನರ್ಥದಂಡದೊಳಗೆ ಸೇರಿಸಿರುವರು. ಹಾಗಾದರೆ ಇಂತಹ ಪರ್ವತವಿಹಾರ ಅಣುವ್ರತಿಗೆ ಸಲ್ಲುವುದೇ?

ಸಲ್ಲುವುದು ಅಥವಾ ಸಲ್ಲದು ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ದೋಷವು ನಡಿಗೆಯಲ್ಲಿಲ್ಲ, ಎಚ್ಚರವಿಲ್ಲದ ನಡಿಗೆಯಲ್ಲಿದೆ. ಆ ಎಚ್ಚರವು ಬೆಟ್ಟದ ಬುಡದಲ್ಲಿ ಹುಟ್ಟುವುದಿಲ್ಲ. ಹೊರಡುವುದಕ್ಕೆ ತಿಂಗಳುಗಳ ಮೊದಲು, ಸಿದ್ಧತೆಯ ಹೊತ್ತಿನಲ್ಲಿಯೇ ಹುಟ್ಟಬೇಕು.

ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ರಾತ್ರಿ ತಂಗಲು ಅನುಮತಿಪತ್ರ ಬೇಕು. ಒಂದೊಂದು ಹಾದಿಗೂ ದಿನಕ್ಕೆ ಇಷ್ಟು ಮಂದಿ ಎಂಬ ಮಿತಿಯಿದೆ. ನೂರರಲ್ಲಿ 60 ಭಾಗವನ್ನು 24 ವಾರಗಳ ಮೊದಲು ಚೀಟಿ ಎತ್ತಿ ಹಂಚುತ್ತಾರೆ, ಉಳಿದ 40 ಭಾಗ ಏಳು ದಿನ ಮೊದಲು ದೊರೆಯುತ್ತದೆ. ಯಾವ ದಿನ, ಯಾವ ಹಾದಿ ಎಂಬುದು ಪತ್ರದಲ್ಲಿಯೇ ನಮೂದಾಗಿರುತ್ತದೆ. ನೋಡಿದರೆ ದೇಶವ್ರತದಂತೆಯೇ ಕಾಣುವುದು. ಆದರೆ ಸರ್ಕಾರ ಹಾಕಿದ ಬೇಲಿ ನಿರ್ಬಂಧವೇ ಹೊರತು ವ್ರತವಲ್ಲ. ಟುವಾಲಮಿ ಮೆಡೋಸ್ ಎಂಬ ಹುಲ್ಲುಗಾವಲು ಸುಮಾರು 8,600 ಅಡಿ ಎತ್ತರದಲ್ಲಿದೆ. ಅಲ್ಲಿಂದ ಹೊರಟವನು ಮೇಲಿನ ಕೆಥೀಡ್ರಲ್ ಸರೋವರದವರೆಗೆ, ಅಂದರೆ ಸುಮಾರು 9,600 ಅಡಿಯವರೆಗೆ ಮಾತ್ರ ಎಂದು ಮನೆಯಲ್ಲಿಯೇ ಸಂಕಲ್ಪಿಸಿದನೆನ್ನಿ. ಸರೋವರದ ದಡದಲ್ಲಿ ನಿಂತರೆ ಕಣಿವೆಯ ತಲೆ ಕಣ್ಣಿಗೇ ಕಾಣುತ್ತದೆ. ಇನ್ನು ನೂರು ಅಡಿಯಷ್ಟೇ. ಜೊತೆಯವರು ಕರೆಯುತ್ತಾರೆ, ಅನುಮತಿಪತ್ರವೂ ಅಡ್ಡಬರುವುದಿಲ್ಲ. ಅಲ್ಲಿ ಅವನನ್ನು ತಡೆಯುವುದು ಅವನ ಮಾತೊಂದೇ. ಮಾಡಿದ ಮಿತಿಯನ್ನು ಮರೆಯುವುದನ್ನೂ, ಅಂದರೆ ಸ್ಮೃತ್ಯಂತರಾಧಾನವನ್ನೂ, ಸೂತ್ರಕಾರರು ಅತಿಚಾರಗಳ ಪಟ್ಟಿಗೆ ಸೇರಿಸಿದ್ದು ಮನುಷ್ಯಸ್ವಭಾವವನ್ನು ಬಲ್ಲುದರಿಂದಲೇ ಇರಬೇಕು.

ಚೀಲದ ವಿಚಾರದಲ್ಲಿ ಭ್ರಮೆ ಹೆಚ್ಚು. ಈ ನಡಿಗೆಯವರು ಚಮಚವನ್ನೂ ತೂಗಿ ನೋಡುತ್ತಾರೆ, ಹಲ್ಲುಜ್ಜುವ ಕುಂಚದ ಹಿಡಿಯನ್ನು ಕತ್ತರಿಸಿ ಹಗುರ ಮಾಡುತ್ತಾರೆ. ಇದನ್ನು ಕಂಡು ಅಪರಿಗ್ರಹವೆಂದು ಕೊಂಡಾಡುವವರೂ ಉಂಟು. ಪರಿಗ್ರಹವೆಂದರೆ ಮೂರ್ಛೆ, ತೂಕವಲ್ಲ. ಮನೆಯಲ್ಲಿ ಮೂರು ಚೀಲಗಳಿರುವಾಗ, ಇನ್ನೂ ಹಗುರವೆಂದು ನಾಲ್ಕನೆಯದನ್ನು ಕೊಳ್ಳುವವನ ಬೆನ್ನು ಹಗುರವಾದೀತು, ಮೂರ್ಛೆ ಹಗುರವಾಗದು. ಅದಕ್ಕಿಂತ ಗಂಭೀರವಾದುದು ಮಲಗುವ ಚೀಲ. ಹಗುರವೂ ಬೆಚ್ಚನೆಯದೂ ಆದ ಚೀಲಗಳಲ್ಲಿ ತುಂಬಿರುವುದು ಬಾತು, ಹೆಬ್ಬಾತುಗಳ ತುಪ್ಪುಳು. ಅದು ಬಹುಪಾಲು ಮಾಂಸಕ್ಕಾಗಿ ಕೊಂದ ಹಕ್ಕಿಗಳದು. ಮುನಿಗಳ ಪಿಂಛಿಯ ಗರಿಗಳಾದರೋ ನವಿಲು ತಾನಾಗಿ ಉದುರಿಸಿದವು. ಎರಡೂ ಗರಿಯೇ ಎಂದು ವಾದಿಸುವುದು ಬುದ್ಧಿವಂತಿಕೆಯಲ್ಲ. ಕೃತಕ ನೂಲಿನ ಚೀಲ ಅಷ್ಟೇ ಬೆಚ್ಚಗಿರಬೇಕಾದರೆ ಹೆಚ್ಚು ಭಾರವಾಗುತ್ತದೆ. ಆ ಹೆಚ್ಚಿನ ಭಾರವನ್ನು ಶ್ರಾವಕನು ಹೊರಬೇಕು.

ಕರಡಿಯ ಮಾತು ಇನ್ನೂ ನೇರವಾದುದು. ಅಲ್ಲಿನ ಕರಿಕರಡಿಗಳು ಮನುಷ್ಯರ ಆಹಾರದ ರುಚಿ ಕಂಡರೆ ಮತ್ತೆ ಮತ್ತೆ ಬೀಡಾರಗಳಿಗೆ ನುಗ್ಗುತ್ತವೆ. ಕೊನೆಗೆ ಅಂತಹ ಕೆಲವನ್ನು ಅಧಿಕಾರಿಗಳೇ ಕೊಲ್ಲಬೇಕಾಗುತ್ತದೆ. ಆದುದರಿಂದ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿ ಆಹಾರವನ್ನೂ, ಸಾಬೂನಿನಂತಹ ವಾಸನೆಯ ವಸ್ತುಗಳನ್ನೂ ಇಡಬೇಕೆಂಬುದು ಅಲ್ಲಿನ ಕಟ್ಟಳೆ. ಮರಕ್ಕೆ ತೂಗುಹಾಕುವುದು ಕೂಡದು. ರಾತ್ರಿ ನಿದ್ದೆಗಣ್ಣಿನಲ್ಲಿ ಹೊರಗೆ ಬಿಟ್ಟ ಒಂದು ಹಿಡಿ ಶೇಂಗಾ ಪಂಚೇಂದ್ರಿಯ ಜೀವವೊಂದರ ಸಾವಿಗೆ ಮೊದಲ ಹೆಜ್ಜೆಯಾಗಬಹುದು. ಕೊಂದವರು ಯಾರು? ಪ್ರಮತ್ತಯೋಗವನ್ನು ಹಿಂಸೆಯ ಲಕ್ಷಣದೊಳಗೆ ಇಟ್ಟ ಸೂತ್ರವನ್ನು ಓದಿದವನಿಗೆ ಕೋವಿ ಹಿಡಿದವನ ಕಡೆಗೆ ಬೆರಳು ತೋರಿಸುವ ಅವಕಾಶವಿಲ್ಲ.

ಆಹಾರದಲ್ಲಿ ತೊಡಕು ಕಡಿಮೆ. ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ಬೇಳೆ ಬೇಯುವುದಿಲ್ಲ. ಬೇಯಲೆಂದು ಕಾದರೆ ಸೂರ್ಯಾಸ್ತ ಮೀರುತ್ತದೆ. ಹುರಿಹಿಟ್ಟು, ಅವಲಕ್ಕಿ ಸಾಕು. ನೀರು ಮಾತ್ರ ಯೋಚನೆಗೆ ಹಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದವರು ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಜಲಾಶಯಕ್ಕೆ ಮರಳಿಸುತ್ತಾರೆ. ಈಗಿನ ಸೂಕ್ಷ್ಮ ಸೋಸುಕವು ಅವನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ತೊರೆಯ ಅಂಚಿನಲ್ಲಿ ಬಟ್ಟೆಯಿಂದ ಸೋಸಿ, ಉಳಿದುದನ್ನು ಅಲ್ಲಿಯೇ ಬಿಟ್ಟು, ನೀರನ್ನು ಕುದಿಸಿಕೊಳ್ಳುವುದು ಮೇಲು. ಸ್ವಲ್ಪ ಇಂಧನ ಹೆಚ್ಚು ಹೊರಬೇಕಾದೀತು.

ಉಳಿದುದು ಕಾಲದ ಪ್ರಶ್ನೆ. ಬೇಸಗೆಯ ಕೊನೆ ಒಳ್ಳೆಯದೇ; ಜುಲೈಯಲ್ಲಿ ತೇವದ ಹುಲ್ಲುಗಾವಲುಗಳ ಮೇಲೆ ಮುತ್ತುವ ಸೊಳ್ಳೆಗಳು ಆಗ ವಿರಳ, ಕೈ ತನ್ನಷ್ಟಕ್ಕೆ ತಾನೇ ಹೊಡೆಯುವ ಸಂದರ್ಭವೂ ವಿರಳ. ಆದರೆ ಅಮೆರಿಕದ ಕಾರ್ಮಿಕ ದಿನದ ದೀರ್ಘ ರಜೆ ಹಲವು ವೇಳೆ ದಶಲಕ್ಷಣ ಪರ್ವದೊಳಗೇ ಬೀಳುತ್ತದೆ. 2025ರಲ್ಲಿ ಪರ್ವವು ಆಗಸ್ಟ್ 28ರಿಂದ ಸೆಪ್ಟೆಂಬರ್ 6ರವರೆಗೆ, ರಜೆಯ ಸೋಮವಾರ ಸೆಪ್ಟೆಂಬರ್ 1. ಬೆಟ್ಟದಲ್ಲಿಯೇ ಉಪವಾಸ ಮಾಡುವೆವು, ಏಕಾಂತವೂ ಆಯಿತು ಎಂದು ಉತ್ಸಾಹಿಗಳು ಹೇಳುವುದುಂಟು. ಗಾಳಿ ತೆಳುವಾದ ಎತ್ತರದಲ್ಲಿ ಭಾರ ಹೊತ್ತು ನೀರಿಲ್ಲದೆ ನಡೆದವನು ಕುಸಿದರೆ ಅವನನ್ನು ಇಳಿಸಿಕೊಂಡು ಬರುವವರು ಬೇರೆಯವರು. ತನ್ನ ವ್ರತದ ಭಾರವನ್ನು ಅವನು ಅವರ ಹೆಗಲಿಗೆ ಹಾಕಿದಂತಾಯಿತು. ಪರ್ವವನ್ನು ಮನೆ, ಬಸದಿಗಳಲ್ಲಿ ಕಳೆದು, ಕ್ಷಮಾವಣಿ ಮುಗಿದು ದೇಹ ಚೇತರಿಸಿಕೊಂಡ ಮೇಲೆ ಹೊರಡಲಿ. ರಾತ್ರಿಗಳು ನೀರು ಹೆಪ್ಪುಗಟ್ಟುವಷ್ಟು ತಣ್ಣಗಿರಬಹುದು, ಮೊದಲ ಹಿಮವೂ ಬಿದ್ದೀತು. ಅದಕ್ಕೆ ತಕ್ಕ ಬಟ್ಟೆ ಇರಲಿ. ಹೋಗುವ ಹಾದಿ, ಮರಳುವ ದಿನಗಳನ್ನು ಚೀಟಿಯಲ್ಲಿ ಬರೆದು ಮನೆಯ ಹಿರಿಯರ ಕೈಗೆ ಕೊಟ್ಟುಹೋಗುವುದು ಆ ನಾಡಿನ ರೂಢಿ. ಶ್ರಾವಕನು ಅದರ ಕೆಳಗೆ ಎತ್ತರವನ್ನೂ ಬರೆದಿಡಲಿ: 9,600 ಅಡಿ.