ನಾಲ್ಕನೆಯ ಷರತ್ತು

ದೋಹಾದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಅಲ್ ಖೋರ್ ಸಿಗುತ್ತದೆ. ಒಂದು ಕಾಲಕ್ಕೆ ಮುತ್ತು ತೆಗೆಯುವವರ, ಮೀನು ಹಿಡಿಯುವವರ ಊರು. 2022ರ ನವೆಂಬರ್ 20ರಂದು ಫುಟ್‌ಬಾಲ್ ವಿಶ್ವಕಪ್ಪಿನ ಮೊದಲ ಪಂದ್ಯ ಇಲ್ಲಿನ ಅಲ್ ಬೈತ್ ಕ್ರೀಡಾಂಗಣದಲ್ಲಿ ನಡೆದಾಗ ಜಗತ್ತು ಈ ಊರಿನ ಹೆಸರು ಕೇಳಿತು. ನಮ್ಮ ಕರಾವಳಿಯವರಿಗೆ ಅದು ಹೊಸ ಹೆಸರೇನಲ್ಲ. ಇನ್ನೂ ಉತ್ತರಕ್ಕಿರುವ ರಾಸ್ ಲಫಾನಿನ ಅನಿಲ ಸ್ಥಾವರಗಳಲ್ಲಿ ದುಡಿಯುವವರ ಸಂಸಾರಗಳಿಗೆಂದು ಕಟ್ಟಿದ ದೊಡ್ಡ ಬಡಾವಣೆ ಇಲ್ಲಿದೆ. ಅಲ್ಲಿ ಸಂಜೆ ಹೊತ್ತು ಮಲಯಾಳ, ತಮಿಳುಗಳ ನಡುವೆ ತುಳು, ಬ್ಯಾರಿ, ಕೊಂಕಣಿ, ಕನ್ನಡಗಳೂ ಕಿವಿಗೆ ಬಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

ಇಂಥ ಮನೆಯಲ್ಲಿ ಅಪ್ಪ ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್, ಮಗಳು ಆರನೇ ತರಗತಿ ಎಂದಾದರೆ, ಇಬ್ಬರೂ ಪ್ರೋಗ್ರಾಮ್ ಬರೆಯುವವರಲ್ಲ, ಜೋಡಿಸುವವರು. ಸ್ಥಾವರಗಳ ನಿಯಂತ್ರಣಕ್ಕೆ ಲ್ಯಾಡರ್ ಲಾಜಿಕ್, ಫಂಕ್ಷನ್ ಬ್ಲಾಕ್ ಮುಂತಾದ ಚಿತ್ರಭಾಷೆಗಳಿವೆ. ಈಗ ಐಇಸಿ 61131-3 ಎಂದು ಕರೆಯುವ ಮಾನಕ 1993ರಲ್ಲಿ ಅವಕ್ಕೆಲ್ಲ ಒಂದು ವ್ಯಾಕರಣ ಹಾಕಿಕೊಟ್ಟಿತು. ಮಗಳದ್ದು ಸ್ಕ್ರ್ಯಾಚ್, ಅಮೆರಿಕದ ಎಂಐಟಿ 2007ರಲ್ಲಿ ಹೊರತಂದ, ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ ಬೆಕ್ಕನ್ನು ಓಡಿಸುವ ಭಾಷೆ. ದೋಹಾದಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶಾಖೆಯೂ ಆಲಿಸ್ ಎಂಬ ಇದೇ ಜಾತಿಯ ಭಾಷೆಯನ್ನು ಈ ಭಾಗದ ಶಾಲೆಗಳಿಗೆ ಒಗ್ಗಿಸುವ ಕೆಲಸ ಮಾಡಿದೆ. ವಿದ್ವಾಂಸರಿಗೆ ಇದು ಹಳೆಯ ವಿಷಯ: ದೃಶ್ಯಭಾಷೆಗಳನ್ನು ಕುರಿತ ಐಟ್ರಿಪಲ್‌ಇ ಸಂಸ್ಥೆಯ ಮೊದಲ ಕಾರ್ಯಾಗಾರ ಜಪಾನಿನ ಹಿರೊಶಿಮಾದಲ್ಲಿ ನಡೆದದ್ದು 1984ರಲ್ಲಿ.

ಸ್ಕ್ರ್ಯಾಚ್‌ನ ತೆರೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ‘ಹೀಗಾದರೆ’ ಎಂಬ ತುಂಡಿನಲ್ಲಿ ಆರು ಮೂಲೆಯ ಒಂದು ಖಾಲಿ ಗೂಡಿರುತ್ತದೆ. ಅದು ತುಂಬುವವರೆಗೂ ಆ ತುಂಡಿನ ಮಾತು ಅರ್ಧವೇ. ಆ ಗೂಡಿಗೆ ಹೌದು-ಅಲ್ಲ ಎನ್ನುವ ಆರು ಮೂಲೆಯ ತುಂಡು ಮಾತ್ರ ಹಿಡಿಸುತ್ತದೆ. ಅಂಕಿಯನ್ನು ಹೊತ್ತ ದುಂಡನೆಯ ತುಂಡನ್ನು ಎಷ್ಟು ತುರುಕಿದರೂ ಕೂರುವುದಿಲ್ಲ. ಸರಿಯಾದ ತುಂಡನ್ನೇ ಎಳೆದು ತಂದರೂ ದೂರದಲ್ಲಿ ಬಿಟ್ಟರೆ ಅದು ಒಂಟಿಯಾಗಿ ಬಿದ್ದಿರುತ್ತದೆ. ಹತ್ತಿರ ತಂದಾಗ ಗೂಡಿನ ಅಂಚು ಬೆಳಗುತ್ತದೆ, ಬೆರಳು ಬಿಟ್ಟೊಡನೆ ತುಂಡು ಹೋಗಿ ಕೂರುತ್ತದೆ.

ವೇದವಾಕ್ಯಗಳ ಅರ್ಥ ಬಿಡಿಸುವ ಮೀಮಾಂಸೆ ಓದಿದವರಿಗೆ ಇಲ್ಲಿ ನಗು ಬರುತ್ತದೆ. ಪದಗಳ ಗುಂಪು ವಾಕ್ಯವಾಗಲು ಏನೇನು ಬೇಕು ಎಂಬುದಕ್ಕೆ ನಮ್ಮ ಶಾಸ್ತ್ರಕಾರರು ಕೊಟ್ಟ ಪಟ್ಟಿ ಇದೇ. ಒಂದು ಪದ ಇನ್ನೊಂದನ್ನು ಬಯಸಬೇಕು, ಅದು ಆಕಾಂಕ್ಷೆ. ಎರಡರ ಅರ್ಥಗಳೂ ಒಂದಕ್ಕೊಂದು ಹೊಂದಬೇಕು, ಅದು ಯೋಗ್ಯತೆ. ‘ಬೆಂಕಿಯಿಂದ ಗಿಡ ನೆನೆಸುತ್ತಾನೆ’ ಎಂದರೆ ವ್ಯಾಕರಣ ತಪ್ಪಿಲ್ಲ, ಯೋಗ್ಯತೆ ಇಲ್ಲ. ಪದಗಳು ಒಟ್ಟೊಟ್ಟಿಗೆ ಬರಬೇಕು, ಅದು ಸನ್ನಿಧಿ. ಬೆಳಿಗ್ಗೆ ಒಂದು ಪದ, ಸಂಜೆ ಒಂದು ಪದ ಹೇಳಿದರೆ ವಾಕ್ಯವಾಗದು. ಖಾಲಿ ಗೂಡು, ಆರು ಮೂಲೆ, ಬೆಳಗುವ ಅಂಚು. ಸ್ಕ್ರ್ಯಾಚ್ ಮಾಡಿದವರು ಈ ಪಟ್ಟಿಯನ್ನು ನೋಡಿರಬೇಕಾಗಿಲ್ಲ. ವಾಕ್ಯ ಎಂಬ ವಸ್ತುವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದವರಿಗೆಲ್ಲ ಸಿಗುವ ಮೂಲೆಗಳು ಅವೇ ಇರಬಹುದು.

ಇಲ್ಲಿ ಒಂದು ಎಚ್ಚರ ಬೇಕು. ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎಂಬ ಭಾಷಣಕ್ಕೆ ಇಂಥ ಹೋಲಿಕೆಗಳು ಬಹಳ ಬೇಗ ಮೇವಾಗುತ್ತವೆ. 1985ರಲ್ಲಿ ನಾಸಾದ ಸಂಶೋಧಕ ರಿಕ್ ಬ್ರಿಗ್ಸ್ ಬರೆದ ಲೇಖನದ ಗತಿಯೇ ಸಾಕು. ಕೃತಕ ಬುದ್ಧಿಮತ್ತೆಯವರು ವಾಕ್ಯದ ಅರ್ಥವನ್ನು ಗೆರೆ-ಗಂಟುಗಳ ಜಾಲವಾಗಿ ಬರೆಯುವ ಕ್ರಮಕ್ಕೂ ಸಂಸ್ಕೃತ ವೈಯಾಕರಣರ ಶಾಬ್ದಬೋಧ, ಅಂದರೆ ವಾಕ್ಯದಿಂದ ಅರ್ಥ ತಿಳಿಯುವ ಬಗೆಯ ವಿವರಣೆಗೂ ಇರುವ ಸಾಮ್ಯವನ್ನು ಆತ ತೋರಿಸಿದ್ದ. ಅದು ವಾಟ್ಸ್ಆ್ಯಪ್ ಹೊತ್ತಿಗೆ ‘ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠ ಎಂದ ನಾಸಾ’ ಆಗಿ ಕೂತಿದೆ. ಆ ಲೇಖನದ ಒಳ್ಳೆಯ ಫಲ ಬೇರೆ ಕಡೆ ಇದೆ: 1986ರ ಡಿಸೆಂಬರಿನಲ್ಲಿ ಸಂಸ್ಕೃತದಲ್ಲಿ ಜ್ಞಾನನಿರೂಪಣೆ ಕುರಿತ ರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿ ನಡೆದು, ಶಾಸ್ತ್ರಪಂಡಿತರೂ ಕಂಪ್ಯೂಟರಿನವರೂ ಎದುರುಬದುರು ಕೂತರು. ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತು ಶಾಬ್ದಬೋಧವನ್ನು ಕಂಪ್ಯೂಟರಿಗೆ ತರುವ ಕೆಲಸಕ್ಕೆ ಕೈಹಾಕಿತು. 2010ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಅಂಬಾ ಕುಲಕರ್ಣಿ ಮತ್ತು ಸಂಗಡಿಗರು ಸಂಸ್ಕೃತ ವಾಕ್ಯ ಬಿಡಿಸುವ ಯಂತ್ರವನ್ನು ರೂಪಿಸಿದಾಗ ಆಕಾಂಕ್ಷೆ, ಸನ್ನಿಧಿಗಳು ಅದರ ನಿಯಮಗಳಾದವು.

ಹಾಗಾದರೆ ಯಂತ್ರಕ್ಕೆ ವಾಕ್ಯ ತಿಳಿಯಿತೇ?

ಈ ಪ್ರಶ್ನೆಗೆ ಉತ್ತರ ಹುಡುಕುವವರ ಒಂದು ದೊಡ್ಡ ಸಭೆ ಅಲ್ ಖೋರಿಗೆ ಒಂದು ಗಂಟೆಯ ದಾರಿಯೂ ಇಲ್ಲದಷ್ಟು ಹತ್ತಿರ ಸೇರಿತ್ತು. 2014ರ ಅಕ್ಟೋಬರ್ 25ರಿಂದ 29ರವರೆಗೆ ದೋಹಾದಲ್ಲಿ ಇಎಮ್‌ಎನ್‌ಎಲ್‌ಪಿ ಎಂಬ, ಸಹಜ ಭಾಷಾ ಸಂಸ್ಕರಣೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಜೊತೆಗೆ ಅರಬ್ಬಿ ಭಾಷೆಗೆಂದೇ ಒಂದು ಕಾರ್ಯಾಗಾರ. ಅಲ್ಲಿ ಮಂಡನೆಯಾದ ಎರಡು ಪ್ರಬಂಧಗಳು ಮುಂದಿನ ದಶಕದ ದಿಕ್ಕು ತಿದ್ದಿದವು. ಸ್ಟ್ಯಾನ್‌ಫರ್ಡಿನ ಪೆನಿಂಗ್ಟನ್, ಸೋಶರ್, ಮ್ಯಾನಿಂಗ್ ಅವರ ಗ್ಲೋವ್, ಪ್ರತಿ ಪದಕ್ಕೂ ಅಂಕಿಗಳ ಒಂದು ಸಾಲನ್ನು ಕೊಟ್ಟಿತು: ಪದ ಎಲ್ಲಿ ಬಂದರೂ ಅದಕ್ಕೆ ಅದೇ ಸಾಲು. ಕ್ಯುಂಗ್‌ಹ್ಯುನ್ ಚೋ ಮತ್ತು ಸಂಗಡಿಗರ ಪ್ರಬಂಧ ಬೇರೆ ಹಾದಿ ಹಿಡಿದು ಇಡೀ ಪದಗುಚ್ಛವನ್ನು ಅಂಕಿಗಳ ಒಂದೇ ಮುದ್ದೆಯಾಗಿ ಹಿಂಡಿ, ಆ ಮುದ್ದೆಯಿಂದ ಇನ್ನೊಂದು ಭಾಷೆಯ ಮಾತನ್ನು ಹೊರತೆಗೆಯಿತು.

ಏಳನೇ ಶತಮಾನದ ಮೀಮಾಂಸಕರಾದ ಕುಮಾರಿಲ ಭಟ್ಟನನ್ನೂ ಪ್ರಭಾಕರನನ್ನೂ ಆ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂರಿಸಿದ್ದರೆ ಅವರಿಗೆ ಗಣಿತ ತಿಳಿಯುತ್ತಿರಲಿಲ್ಲ, ಜಗಳ ತಿಳಿಯುತ್ತಿತ್ತು. ಪದಗಳು ಮೊದಲು ತಂತಮ್ಮ ಅರ್ಥ ಹೇಳುತ್ತವೆ, ಆಮೇಲೆ ಆ ಅರ್ಥಗಳು ಕೂಡಿಕೊಳ್ಳುತ್ತವೆ ಎಂಬುದು ಕುಮಾರಿಲನ ಪಕ್ಷ. ಪ್ರಭಾಕರ ಒಪ್ಪುವುದಿಲ್ಲ: ಒಂಟಿ ಪದಕ್ಕೆ ಒಂಟಿ ಅರ್ಥ ಎಂಬುದೇ ಇಲ್ಲ, ಪದ ಹೇಳುವುದು ಬೇರೆಯದರೊಡನೆ ಕೂಡಿದ ಅರ್ಥವನ್ನೇ. ಅವನ ಕಡೆಯ ವಾದಕ್ಕೆ ಮಗು ಸಾಕ್ಷಿ. ಹಿರಿಯರು ‘ಹಸು ತಾ’ ಎನ್ನುತ್ತಾರೆ, ‘ಹಸು ಕಟ್ಟು’ ಎನ್ನುತ್ತಾರೆ, ‘ಕುದುರೆ ತಾ’ ಎನ್ನುತ್ತಾರೆ. ಮಗು ಯಾವ ಪದ ಹೋಗಿ ಯಾವುದು ಬಂದಾಗ ಏನು ಬದಲಾಯಿತು ಎಂದು ನೋಡಿ ಕಲಿಯುತ್ತದೆ. ಅದಕ್ಕೆ ಯಾರೂ ನಿಘಂಟು ಕೊಡುವುದಿಲ್ಲ. ಇಂದಿನ ಭಾಷಾಮಾದರಿಗಳ ಕಲಿಕೆ ಬಹುಮಟ್ಟಿಗೆ ಈ ಬಗೆಯದೇ, ಅವುಗಳ ಮುಂದೆ ಹಸು ಮಾತ್ರ ಇಲ್ಲ. ಇನ್ನು ಐದನೇ ಶತಮಾನದ ವೈಯಾಕರಣ ಭರ್ತೃಹರಿಗೆ ವಾಕ್ಯ ತುಂಡಾಗುವ ವಸ್ತುವೇ ಅಲ್ಲ, ಅದು ಅಖಂಡ. ಪದಗಳು ನಾವು ವಿವರಿಸುವುದಕ್ಕಾಗಿ ಕೊಯ್ದುಕೊಂಡ ಹೋಳುಗಳು. ಪರ್ಷಿಯಾದ ಅಬ್ದುಲ್ ಕಾಹಿರ್ ಅಲ್ ಜುರ್ಜಾನಿ ಹನ್ನೊಂದನೇ ಶತಮಾನದಲ್ಲಿ ಕುರಾನಿನ ಸೊಬಗು ಬಿಡಿ ಪದಗಳಲ್ಲಿಲ್ಲ, ಅವುಗಳ ಹೆಣಿಗೆಯಲ್ಲಿದೆ ಎಂದು ಇಡೀ ಗ್ರಂಥವನ್ನೇ ಬರೆದ. ಗಮನಿಸಬೇಕಾದದ್ದು, ಇವರಲ್ಲಿ ಹೆಚ್ಚಿನವರು ಭಾಷೆಯ ಬೆನ್ನು ಹತ್ತಿದ್ದು ಭಾಷೆಗಾಗಿ ಅಲ್ಲ. ದೇವರ ಮಾತನ್ನೋ ವೇದದ ವಿಧಿಯನ್ನೋ ತಪ್ಪಾಗಿ ಓದಿದರೆ ಕೆಡುವುದು ಪರೀಕ್ಷೆಯ ಅಂಕವಲ್ಲ, ಬದುಕು ಮತ್ತು ಪರಲೋಕ ಎಂಬ ಭಯ ಅವರನ್ನು ಓಡಿಸಿತ್ತು.

ದೋಹಾದ ಅದೇ ಸಮ್ಮೇಳನದ ಇನ್ನೊಂದು ಕಾರ್ಯಾಗಾರದಲ್ಲಿ ಚೋ ತಂಡವೇ ತನ್ನ ಪದ್ಧತಿಯ ಸೋಲನ್ನೂ ಒಪ್ಪಿಸಿತು: ವಾಕ್ಯ ಉದ್ದವಾದಷ್ಟೂ ಮುದ್ದೆಯ ಅನುವಾದ ಕೆಡುತ್ತದೆ. ಬಳಿಕ ಬಂದ ಪದ್ಧತಿಗಳು ಮತ್ತೆ ಒಂದೊಂದು ಪದದ ಕಡೆ ತಿರುಗಿ ನೋಡುವುದನ್ನು ಕಲಿತವು, ಆದರೆ ಸುತ್ತಲ ಪದಗಳಿಗೆ ತಕ್ಕಂತೆ ಪ್ರತಿ ಪದದ ಅಂಕಿಸಾಲನ್ನು ಬದಲಿಸುತ್ತ. ಒಟ್ಟಿನಲ್ಲಿ ಪ್ರಭಾಕರನ ಪಕ್ಷಕ್ಕೆ ಮತ ಹೆಚ್ಚು ಬಿತ್ತು ಎನ್ನಬಹುದು.

ಆದರೆ ಶಾಸ್ತ್ರಕಾರರ ಪಟ್ಟಿಯಲ್ಲಿ ನಾಲ್ಕನೆಯದೂ ಒಂದಿದೆ: ತಾತ್ಪರ್ಯ, ಮಾತಿನ ಹಿಂದಿನ ಉದ್ದೇಶ. ಎಲ್ಲರೂ ಅದನ್ನು ಪ್ರತ್ಯೇಕ ಷರತ್ತೆಂದು ಒಪ್ಪಲಿಲ್ಲ, ಒಪ್ಪಿದವರು ಗಟ್ಟಿಯಾಗಿ ಒಪ್ಪಿದರು. ಅಲ್ ಖೋರಿನಲ್ಲಿ ಶಮಾಲ್ ಗಾಳಿ ಎದ್ದು ಧೂಳು ಒಳಗೆ ನುಗ್ಗುವಾಗ ಅಡುಗೆಮನೆಯಿಂದ ‘ಬಾಗಿಲು!’ ಎಂಬ ಕೂಗು ಬಂದರೆ, ಮನೆಯವರು ಅದನ್ನು ಮುಚ್ಚುತ್ತಾರೆ. ಕರೆಗಂಟೆ ಬಾರಿಸಿದಾಗ ಅದೇ ಕೂಗು ಬಂದರೆ ತೆರೆಯುತ್ತಾರೆ. ಬಾಗಿಲಿನ ಈ ಉದಾಹರಣೆ ಮೀಮಾಂಸಕರದ್ದೇ. ಹೇಳದೆ ಉಳಿದದ್ದನ್ನು ಕೇಳುಗ ಪದವಾಗಿ ತುಂಬಿಕೊಳ್ಳುತ್ತಾನೋ ಅರ್ಥವಾಗಿಯೋ ಎಂದು ಅವರಲ್ಲಿ ಕುಮಾರಿಲನ ಕಡೆಯ ಭಾಟ್ಟರೂ ಪ್ರಭಾಕರನ ಕಡೆಯ ಪ್ರಾಭಾಕರರೂ ಶತಮಾನಗಳ ಕಾಲ ವಾದಿಸಿದರು. ಸ್ಕ್ರ್ಯಾಚ್‌ನಲ್ಲಿ ಇದಕ್ಕೆ ತುಂಡು ಇಲ್ಲ. ಬೆಕ್ಕು ಯಾಕೆ ಓಡಬೇಕು ಎಂಬುದು ಮಗಳ ತಲೆಯಲ್ಲಿದೆ, ತೆರೆಯ ಮೇಲಿಲ್ಲ.

ತಾತ್ಪರ್ಯ ಎಂದಮೇಲೆ ಯಾರದ್ದು ಎಂಬ ಪ್ರಶ್ನೆ ಏಳುತ್ತದೆ, ಧರ್ಮದ ವಿಚಾರದಲ್ಲಿ ಅದು ತೀರ ಹರಿತ. ನೈಯಾಯಿಕರ ಪ್ರಕಾರ ಮಾತಿಗೆ ಪ್ರಾಮಾಣ್ಯ ಬರುವುದು ಆಪ್ತನಿಂದ. ಆಪ್ತ ಎಂದರೆ ವಿಷಯವನ್ನು ಇದ್ದಂತೆ ಕಂಡವನು ಮತ್ತು ಕಂಡಂತೆ ಹೇಳುವ ಮನಸ್ಸುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ವಾತ್ಸ್ಯಾಯನ ನ್ಯಾಯಸೂತ್ರಗಳ ಭಾಷ್ಯದಲ್ಲಿ ಸ್ಪಷ್ಟವಾಗಿ ಬರೆದ. ಯಂತ್ರಕ್ಕೂ ಸಮಾನವೇ ಎಂದು ಕೇಳಿದರೆ, ಜಾತಿ ಅಡ್ಡಿಯಾಗದು, ಆದರೆ ಕಂಡದ್ದೂ ಇಲ್ಲ ಮನಸ್ಸೂ ಇಲ್ಲ ಎಂಬುದು ಅಡ್ಡಿ. ಮೀಮಾಂಸಕರ ದಾರಿ ಬೇರೆ. ವೇದಕ್ಕೆ ಕರ್ತೃವೇ ಇಲ್ಲ, ಆದ್ದರಿಂದ ಕರ್ತೃವಿನ ದೋಷವೂ ಇಲ್ಲ. ಉಡುಪಿಯ ಮಧ್ವಾಚಾರ್ಯರೂ ಈ ಅಪೌರುಷೇಯತ್ವವನ್ನು ಬಿಗಿಯಾಗಿ ಹಿಡಿದವರೇ. ಹೇಳುವವನಿಲ್ಲದ ಮಾತಿಗೂ ತಾತ್ಪರ್ಯವಿದೆ, ಆರಂಭ ಮತ್ತು ಮುಕ್ತಾಯ ಹೊಂದುತ್ತವೆಯೇ, ಯಾವುದು ಮತ್ತೆ ಮತ್ತೆ ಬರುತ್ತದೆ, ಹೊಸದಾಗಿ ಹೇಳಿದ್ದೇನು ಎಂಬಂಥ ಆರು ಗುರುತುಗಳಿಂದ ಅದನ್ನು ಪತ್ತೆ ಹಚ್ಚಬಹುದು ಎಂಬುದು ಆ ಪರಂಪರೆಯ ನಿಲುವು.

ಜಾಣರು ಇಲ್ಲಿ ಒಂದು ಬಾಗಿಲು ಕಾಣುತ್ತಾರೆ: ಚಾಟ್‌ಬಾಟಿನ ಮಾತಿಗೂ ಕರ್ತೃ ಇಲ್ಲವಲ್ಲ? ಈ ಬಾಗಿಲು ಗೋಡೆಯ ಮೇಲೆ ಬರೆದದ್ದು. ಯಂತ್ರದ ವಾಕ್ಯದ ಹಿಂದೆ ಕೋಟಿಗಟ್ಟಲೆ ಮನುಷ್ಯರು ಬರೆದದ್ದಿದೆ, ಅವರ ಭ್ರಮೆ, ಪ್ರಮಾದ, ವಂಚನೆ ಎಲ್ಲವೂ ಇದೆ, ಅಳಿಸಿಹೋಗಿರುವುದು ಹೆಸರುಗಳು. ಅದು ಅಪೌರುಷೇಯವಲ್ಲ, ಬರೀ ಅನಾಮಧೇಯ. ಹದೀಸ್ ವಿದ್ವಾಂಸರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪ್ರವಾದಿಯ ಮಾತೆಂದು ಯಾರಾದರೂ ಹೇಳಿದರೆ ‘ಯಾರಿಂದ ಕೇಳಿದೆ, ಅವನು ಯಾರಿಂದ’ ಎಂದು ಹೆಸರುಗಳ ಸರಪಳಿ ಕೇಳುವ ಶಾಸ್ತ್ರ ಅವರದ್ದು. ಕೊಂಡಿಯೊಂದು ಕಳಚಿದ್ದರೆ ಮಾತಿನ ತೂಕ ಇಳಿಯುತ್ತದೆ.

ಕತಾರ್ ವಿಶ್ವವಿದ್ಯಾಲಯದ ಸಂಶೋಧಕರು ಕುರಾನ್ ಕ್ಯೂಎ ಎಂಬ ಸ್ಪರ್ಧೆಯನ್ನು 2022ರಲ್ಲಿ ಆರಂಭಿಸಿದರು: ಅರಬ್ಬಿಯಲ್ಲಿ ಪ್ರಶ್ನೆ ಕೊಟ್ಟರೆ ಯಂತ್ರ ಕುರಾನಿನಿಂದ ಉತ್ತರ ಹುಡುಕಬೇಕು. 2023ರ ಸುತ್ತಿನಲ್ಲಿ ಅವರು ಒಂದು ತಿರುವು ಹಾಕಿದರು. ಕೆಲವು ಪ್ರಶ್ನೆಗಳಿಗೆ ಆ ಗ್ರಂಥದಲ್ಲಿ ಉತ್ತರವೇ ಇರಲಿಲ್ಲ. ಅಲ್ಲಿ ಏನನ್ನೂ ಕೊಡದೆ ಸುಮ್ಮನಿದ್ದ ಯಂತ್ರಕ್ಕೆ ಪೂರ್ಣ ಅಂಕ. ಸ್ಪರ್ಧೆಯ ವರದಿಗಳಲ್ಲಿ ಇದು ಅಂಕಪಟ್ಟಿಯ ಒಂದು ತಾಂತ್ರಿಕ ವಿವರ. ಆದರೆ ಧರ್ಮಗ್ರಂಥದ ಎದುರು ನಿಲ್ಲುವವನಿಗೆ ಬೇಕಾದ ಮೊದಲ ಶಿಸ್ತು ಇದು, ಮನುಷ್ಯ ಪ್ರವಚನಕಾರರಲ್ಲೂ ಅಪರೂಪ. 2024ರ ಡಿಸೆಂಬರಿನಲ್ಲಿ ಕತಾರ್ ಫನಾರ್ ಎಂಬ ಅರಬ್ಬಿ ಭಾಷಾಮಾದರಿಯನ್ನು ಹೊರತಂದಾಗ ಧಾರ್ಮಿಕ ಪ್ರಶ್ನೆಗಳಿಗೆ ಅಧಿಕೃತ ಗ್ರಂಥಗಳನ್ನು ತೆರೆದು ನೋಡಿ ಉತ್ತರಿಸುವ ಬೇರೆಯದೇ ಏರ್ಪಾಡು ಮಾಡಿತು. ಸರಪಳಿ ಬೇಕು ಎಂಬ ಒತ್ತಾಯ ಹೊಸ ವೇಷದಲ್ಲಿ ಬಂದಿದೆ.

ಗೊತ್ತಿಲ್ಲದಾಗ ಸುಮ್ಮನಾಗುವ ಶಿಸ್ತು ಅನಿಲ ಸ್ಥಾವರದವರಿಗೆ ದಿನದ ಮಾತು. ಸುರಕ್ಷಾ ವ್ಯವಸ್ಥೆಗೆ ‘ಕಾಸ್ ಆ್ಯಂಡ್ ಎಫೆಕ್ಟ್’ ಎಂಬ ಹಾಳೆ ಇರುತ್ತದೆ: ಎಡಕ್ಕೆ ಕಾರಣಗಳ ಸಾಲು, ಮೇಲೆ ಕಾರ್ಯಗಳ ಸಾಲು, ಸೇರುವಲ್ಲಿ ಗುರುತು. ಒತ್ತಡ ಅಳೆಯಲು ಮೂರು ಉಪಕರಣಗಳಿದ್ದರೆ ಎರಡು ಒಪ್ಪಿದಾಗ ಸ್ಥಾವರ ನಿಲ್ಲುತ್ತದೆ. ವಿದ್ಯುತ್ ಹೋದರೆ, ತಂತಿ ಕಡಿದರೆ, ಅಂದರೆ ಏನೂ ಗೊತ್ತಾಗದಿದ್ದರೆ, ಆಗಲೂ ನಿಲ್ಲುವಂತೆಯೇ ಅದನ್ನು ಕಟ್ಟಿರುತ್ತಾರೆ. ಯಾಕೆ ಹಾಗೆ ಎಂಬ ತಾತ್ಪರ್ಯವೂ ಅಲ್ಲಿ ಮನುಷ್ಯರದ್ದೇ, ಹಾಳೆಯ ಕೆಳಗೆ ಸಹಿ ಮಾಡಿದವರದ್ದು.

ಲೆಕ್ಕಕ್ಕೇ ಬಗ್ಗುವ ಧಾರ್ಮಿಕ ಪ್ರಶ್ನೆಗಳೂ ಇವೆ, ಅಲ್ಲಿ ಯಂತ್ರ ಗೆಲ್ಲಬೇಕಲ್ಲ ಎನ್ನಬಹುದು. ಇಸ್ಲಾಮಿನ ಉತ್ತರಾಧಿಕಾರ ಅಂಥದ್ದು. ಒಂಬತ್ತನೇ ಶತಮಾನದ ಅಲ್ ಖ್ವಾರಿಜ್ಮಿಯ ಬೀಜಗಣಿತ ಗ್ರಂಥದ ದೊಡ್ಡ ಭಾಗ ಆಸ್ತಿ ಹಂಚುವ ಲೆಕ್ಕಗಳೇ. 2025ರಲ್ಲಿ ಇದೇ ವಿಷಯದ ಮೇಲೆ ಭಾಷಾಮಾದರಿಗಳಿಗೆ ಒಂದು ಸ್ಪರ್ಧೆಯೂ ನಡೆಯಿತು. ಉದಾಹರಣೆಗೆ, ಮಕ್ಕಳಿಲ್ಲದ, ತಂದೆತಾಯಿ ಇಲ್ಲದ ಹೆಂಗಸು ತೀರಿಕೊಂಡಿದ್ದಾಳೆ. ಉಳಿದವರು ಗಂಡ ಮತ್ತು ಇಬ್ಬರು ಒಡಹುಟ್ಟಿದ ಅಕ್ಕತಂಗಿಯರು. ಗಂಡನಿಗೆ 1/2, ಅಕ್ಕತಂಗಿಯರಿಗೆ ಸೇರಿ 2/3. ಕೂಡಿದರೆ 7/6, ಆಸ್ತಿಯನ್ನೇ ಮೀರುತ್ತದೆ. ಸುನ್ನಿ ಪಂಥಗಳು ಎಲ್ಲರ ಪಾಲನ್ನೂ ಪ್ರಮಾಣಕ್ಕೆ ತಕ್ಕಂತೆ ಇಳಿಸಿ ಗಂಡನಿಗೆ 3/7, ಅಕ್ಕತಂಗಿಯರಿಗೆ 4/7 ಕೊಡುತ್ತವೆ. ಶಿಯಾಗಳ ಜಾಫರಿ ಪಂಥ ಈ ಇಳಿಕೆಯನ್ನೇ ಒಪ್ಪುವುದಿಲ್ಲ. ಗಂಡನಿಗೆ ಪೂರ್ತಿ 1/2, ಉಳಿದ ಅರ್ಧ ಅಕ್ಕತಂಗಿಯರಿಗೆ. ಅನುಭವಿ ಮುಫ್ತಿ ಭಿನ್ನರಾಶಿಗೆ ಕೈಹಾಕುವ ಮೊದಲು ಸಾಲ ಎಷ್ಟಿತ್ತು, ಉಯಿಲು ಇದೆಯೇ, ಇದ್ದರೆ ಮೂರನೇ ಒಂದು ಭಾಗ ಮೀರಿಲ್ಲವಷ್ಟೇ, ಬೇರೆ ವಾರಸುದಾರರು ಯಾರಾದರೂ ಉಂಟೇ, ಕೇಳುತ್ತಿರುವವರು ಯಾವ ಪಂಥದವರು ಎಂದು ವಿಚಾರಿಸುತ್ತಾನೆ. ತಿರುಗಿ ಒಂದನ್ನೂ ಕೇಳದೆ 3/7 ಎಂದು ಬರೆದುಕೊಟ್ಟ ಯಂತ್ರಕ್ಕೆ ಅಂಕ ಎಷ್ಟು ಕೊಡಬೇಕು ಎಂಬುದನ್ನು ಮುಂದಿನ ಕಾರ್ಯಾಗಾರಗಳು ತೀರ್ಮಾನಿಸಬೇಕು.